ದತ್ತನ ಕುರ್ಚಿ

ಮೂಡುಬಿದಿರೆ
18 ನವೆಂಬರ್ 2024

ಪ್ರೀತಿಯ ವೀರರಾಜ ಮಾವನಿಗೆ,

ನಿಮ್ಮ ಅಕ್ಕನ ಮಗಳು ಸಾಧನಾ ಬರೆಯುತ್ತಿದ್ದೇನೆ. ಕಾಗದ ನೋಡಿ ಗಾಬರಿಯಾಗಬೇಡಿ, ಯಾರ ಮದುವೆಯೂ ಇಲ್ಲ, ಯಾರೂ ಸತ್ತಿಲ್ಲ. ಫೋನು ಮಾಡಿದರೆ ನೀವು ಬರುವುದಿಲ್ಲ. ಬೆಳಿಗ್ಗೆ ಮಾಡಿದರೂ ವಸಂತಿ ಅತ್ತೆ "ಮಾವ ಮಲಗಿದ್ದಾರೆ" ಎನ್ನುತ್ತಾರೆ, ಸಂಜೆ ಮಾಡಿದರೂ ಅದನ್ನೇ ಹೇಳುತ್ತಾರೆ. ಬೆಳ್ತಂಗಡಿ ಬಸ್‌ಸ್ಟ್ಯಾಂಡಿನಲ್ಲಿ ಅರ್ಧ ಆಯುಷ್ಯ ನಿಂತು "ವೇಣೂರು, ಮೂಡುಬಿದಿರೆ, ಮೂಡುಬಿದಿರೇ" ಎಂದು ಕೂಗಿ ಬಸ್ಸು ತುಂಬಿಸಿದ ಏಜೆಂಟರು ಇಷ್ಟು ಮಲಗುತ್ತಾರೆಂದರೆ ನಾನು ನಂಬಬೇಕೆ? ಸ್ಟ್ರೋಕ್ ಆಗಿ ಎಡಬದಿ ಸೋತಿದೆ, ನಾಲಗೆ ತೊದಲುತ್ತದೆ, ಅದೆಲ್ಲ ಗೊತ್ತು. ಆದರೆ ಬಲಗೈ ಚೆನ್ನಾಗಿದೆಯಲ್ಲ. ಅದಕ್ಕೇ ಈ ಕಾಗದ.

ವಿಷಯ ಒಂದು ಕುರ್ಚಿಯದ್ದು. ನನ್ನ ಹೊಲಿಗೆ ಅಂಗಡಿಗೆ ರವಿಕೆ ಕೊಡಲು ಬರುವವರು ನಿಂತೇ ಇರಬೇಕಾಗುತ್ತದೆ, ಅವರಿಗಾಗಿ ಹುಡುಕುತ್ತಿದ್ದೆ. ಹೋದ ವಾರ ಬಂಟ್ವಾಳಕ್ಕೆ ಹೋದಾಗ ಬಿ.ಸಿ. ರೋಡಿನಲ್ಲಿ ಬಾವಾ ಎನ್ನುವವರ ಹಳೇ ಸಾಮಾನಿನ ಅಂಗಡಿಯಲ್ಲಿ, ಎರಡು ಕೆಟ್ಟ ಫ್ರಿಜ್ಜುಗಳ ನಡುವೆ ಇದು ಸಿಕ್ಕಿತು. ಹಲಸಿನ ಮರ. ಮೇಲಿನ ಕಂದು ರೆಕ್ಸಿನ್ ಹರಿದು ಒಳಗಿನ ತೆಂಗಿನ ನಾರು ಇಣುಕುತ್ತಿದೆ. ವಿಚಿತ್ರವೆಂದರೆ ಅದರ ಎರಡು ಕೈಗಳು ಸಮ ಇಲ್ಲ. ಎಡಬದಿಯ ಕೈ ಎರಡು ಬೆರಳಿನಷ್ಟು ಮೇಲಿದೆ, ಅಗಲವೂ ಹೆಚ್ಚು. "ಆಚಾರಿಗೆ ಆ ದಿನ ಎಂಥದೋ ತಲೆಬಿಸಿ ಇದ್ದಿರಬೇಕು ಅಕ್ಕಾ, ನೀವು ಸ್ವಲ್ಪ ಕೊಯ್ಸಿಕೊಳ್ಳಿ" ಎಂದರು ಬಾವಾ.

ಮನೆಗೆ ತಂದಾಗ ನಿಮ್ಮ ಅಳಿಯ ಅಂಕಿತ್ ಒಂದು ಸುತ್ತು ಬಂದು, "ಇದರಲ್ಲಿ ಕೂತರೆ ಗಿರಾಕಿ ವಾಪಸ್ ಬರ್ತಾರಾ?" ಎಂದು ಕೇಳಿದರು. ನಾನು ಕುಶನ್ ಕೆಲಸ ಮಾಡಿದವಳಲ್ಲ. ರವಿಕೆ ಹೊಲಿಯುವವಳಿಗೆ ಕುರ್ಚಿ ಹೊಲಿಯಲು ಬಾರದೇ ಎಂಬ ಹುಂಬ ಧೈರ್ಯ ಅಷ್ಟೇ. ಬಸ್ಸಿನ ಸೀಟುಗಳನ್ನು ಎದುರು ನಿಂತು ಹೊಲಿಸಿದವರು ನೀವು. ಮೊದಲು ಏನು ಬಿಚ್ಚಬೇಕು, ಹೇಳಿ. ಕಂಡಕ್ಟರ್ ಉಜ್ವಲನ ಕೈಯಲ್ಲಿ ಕಳಿಸುತ್ತಿದ್ದೇನೆ, ಅವನ ಕೈಯಲ್ಲೇ ಉತ್ತರ ಬರಲಿ. ಬಾರದಿದ್ದರೆ ಕುರ್ಚಿಯನ್ನೇ ಬಸ್ಸಿನ ಮೇಲೆ ಹಾಕಿ ಲಾಯಿಲಕ್ಕೆ ಕಳಿಸುತ್ತೇನೆ.

ಹಟಮಾರಿ ಸೊಸೆ,
ಸಾಧನಾ


ಲಾಯಿಲ, ಬೆಳ್ತಂಗಡಿ
27 ನವೆಂಬರ್ 2024

ಸಾಧನಾ,

ಅಕ್ಷರ ನೋಡಿ ನಗಬೇಡ. ಕಾಗದ ಹಿಡಿದುಕೊಳ್ಳಲು ಎಡಗೈ ಬರುವುದಿಲ್ಲ, ಕಾಗದದ ಮೇಲೆ ಪಂಚಾಂಗ ಹೇರಿ ಬರೆಯುತ್ತಿದ್ದೇನೆ.

ಮಲಗಿರುವುದು ನಿಜ. ಕೂತರೆ ಎಡಕ್ಕೆ ವಾಲುತ್ತೇನೆ. ಸೆಪ್ಟೆಂಬರಿನಲ್ಲಿ ನಿನ್ನ ಅತ್ತೆ ಸಿಟೌಟಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂರಿಸಿದಳು. ಮೂಡುಬಿದಿರೆ ಬಸ್ಸು ಗೇಟಿನ ಎದುರು ನಿಧಾನಿಸಿ ಡ್ರೈವರು "ಏಜೆಂಟ್ರೇ" ಎಂದು ಕರೆದ. ನಾನು ಕೈ ಎತ್ತಲು ಹೋಗಿ ಕುರ್ಚಿ ಸಮೇತ ಮಗುಚಿದೆ. ಬಸ್ಸಿಗೆ ಬಸ್ಸೇ ನೋಡಿತು. ಇಳಿದು ಬಂದು ಎತ್ತಿ ಕೂರಿಸಿದರು. ಒಬ್ಬನಾದರೂ ನಕ್ಕಿದ್ದರೆ ಬೈಯಬಹುದಿತ್ತು, ಯಾರೂ ನಗಲಿಲ್ಲ. ಆ ನಾಚಿಕೆ ಇನ್ನೂ ಹೋಗಿಲ್ಲ. ಅಂದಿನಿಂದ ಹೊರಗೆ ಕೂರುವುದಿಲ್ಲ ಎಂದು ಹೇಳಿಬಿಟ್ಟಿದ್ದೇನೆ. ಫೋನಿನಲ್ಲಿ ನಾನು ಏನು ಹೇಳಿದರೂ ಆಚೆಯವರು "ಹಾಂ? ಹಾಂ?" ಎನ್ನುತ್ತಾರೆ. ಎರಡನೇ "ಹಾಂ"ಗೆ ನನಗೆ ಸಿಟ್ಟು ಬರುತ್ತದೆ. ಆದ್ದರಿಂದ ಅದೂ ಬೇಡ.

ಕುರ್ಚಿಯ ವಿಷಯ. ಗ್ಯಾರೇಜಿನಲ್ಲಿ ಸೀಟನ್ನು ಮೊದಲು ಅಡಿಮೇಲು ಮಾಡುತ್ತಿದ್ದರು. ಅಡಿಯ ಬಟ್ಟೆ ಮೊದಲು, ಕೂರುವ ಬಟ್ಟೆ ಕೊನೆಗೆ. ರೆಕ್ಸಿನನ್ನು ಹರಿಯದೆ ಬಿಚ್ಚು, ಅದೇ ಹೊಸದಕ್ಕೆ ಅಳತೆ. ನಿನ್ನ ಗಿರಾಕಿಗಳು ಅಳತೆಗೆ ಹಳೇ ರವಿಕೆ ತರುವುದಿಲ್ಲವಾ, ಹಾಗೆ.

ಇನ್ನೊಂದು. ಆಚಾರಿ ಎತ್ತರದಲ್ಲಿ ತಪ್ಪಬಹುದು. ಅಗಲದಲ್ಲೂ ತಪ್ಪುತ್ತಾನಾ? ನಿನ್ನೆಯಿಂದ ಇದೇ ತಲೆಯಲ್ಲಿ ಕೊರೆಯುತ್ತಿದೆ, ಇದಕ್ಕೆ ನೀನೇ ಕಾರಣ. ಅಡಿಯಲ್ಲಿ ಏನೇನು ಉಂಟೆಂದು ನೋಡಿ ಬರೆ.

ಮಲಗಿದ್ದಲ್ಲಿಂದ,
ನಿನ್ನ ಮಾವ


ಮೂಡುಬಿದಿರೆ
9 ಡಿಸೆಂಬರ್ 2024

ಪ್ರೀತಿಯ ಮಾವ,

ಅಡಿಮೇಲು ಮಾಡಿದೆ! ಇಕ್ಕಳ, ಹಳೇ ಸ್ಕ್ರೂಡ್ರೈವರ್, ಮತ್ತು ಒಂದು ಕುತ್ತಿಗೆ ನೋವು. ಮೊಳೆಗಳು ತುಕ್ಕು ಹಿಡಿದು ಮರಕ್ಕೇ ಅಂಟಿಕೊಂಡಿದ್ದವು.

ರೆಕ್ಸಿನ್ನಿನ ಕೆಳಗೆ ಇನ್ನೊಂದು ಬಟ್ಟೆ ಇತ್ತು, ಹಸಿರಿನ ಮೇಲೆ ಬಿಳಿ ಹೂ. ಅದರ ಕೆಳಗೆ ಕೆಂಪು ಗೀರಿನ ದಪ್ಪ ಬಟ್ಟೆ. ಎರಡರ ತುಂಡನ್ನೂ ಕಾಗದದ ಜೊತೆ ಇಟ್ಟಿದ್ದೇನೆ, ಮುಟ್ಟಿ ನೋಡಿ. ಅಂದರೆ ಈ ಕುರ್ಚಿಗೆ ಮತ್ತೆ ಮತ್ತೆ ಬಟ್ಟೆ ಹಾಕಿಸಿದ್ದಾರೆ, ಆದರೆ ಕೈಗಳನ್ನು ಮಾತ್ರ ಯಾರೂ ಸರಿ ಮಾಡಿಸಿಲ್ಲ. ಬಟ್ಟೆಗೆ ಖರ್ಚು ಮಾಡುವವರು ಅದನ್ನೇಕೆ ಬಿಟ್ಟರು? ಆಮೇಲೆ ಗೋಣಿ, ಅದರ ಕೆಳಗೆ ನಾರು. ಕೂರುವ ಜಾಗದ ಎಡಭಾಗದಲ್ಲಿ ನಾರು ಕಲ್ಲಿನಷ್ಟು ಗಟ್ಟಿ, ಬಲಭಾಗದಲ್ಲಿ ಮೆತ್ತಗೆ. ನಾರಿನೊಳಗೆ ಒಂದು ಹೇರ್‌ಪಿನ್ನು, ಒಣಗಿದ ಅಡಿಕೆ ಹೋಳು, ಒಂದು ಗೋಲಿ ಸಿಕ್ಕಿದವು. ಗೋಲಿಯನ್ನು ತೊಳೆದು ಹೊಲಿಗೆ ಮಿಶನಿನ ಮೇಲೆ ಇಟ್ಟುಕೊಂಡಿದ್ದೇನೆ.

ಮುಖ್ಯ ಸಂಗತಿಯನ್ನು ಕೊನೆಗೆ ಉಳಿಸಿದೆ. ಎಡಬದಿಯ ಕೈಯ ಅಡಿಯಲ್ಲಿ, ಪಾಲಿಶ್ ಮುಟ್ಟದ ಜಾಗದಲ್ಲಿ, ಆಚಾರಿಗಳು ಕಿವಿಗೆ ಸಿಕ್ಕಿಸುವ ದಪ್ಪ ಪೆನ್ಸಿಲಿನಿಂದ ಕನ್ನಡದಲ್ಲಿ ಬರೆದಿದೆ: ದತ್ತ.

ಯಜಮಾನ ಸಿಕ್ಕಿಬಿದ್ದ ಮಾವಾ! ದತ್ತಪ್ಪನೋ ದತ್ತಾತ್ರೇಯನೋ, ಪೂರ್ತಿ ಬರೆಯಲು ಆಚಾರಿಗೆ ಉದಾಸೀನ. ಬಲಬದಿಯ ಕೈಯ ಅಡಿಗೆ ಯಾರೋ ಗೆದ್ದಲಿಗೆಂದು ಕಪ್ಪು ಬಳಿದಿದ್ದಾರೆ, ಅಲ್ಲಿ ಏನೂ ಕಾಣುವುದಿಲ್ಲ. ಇವನು ಯಾರು, ಎಂಥವನು, ಯಾಕೆ ಹೀಗೆ ಮಾಡಿಸಿಕೊಂಡ? ನಿಮ್ಮ ತಲೆ ಓಡಿಸಿ.

ಕೈತುಂಬ ನಾರಿನ ಧೂಳಿನೊಂದಿಗೆ,
ಸಾಧನಾ


ಲಾಯಿಲ
15 ಡಿಸೆಂಬರ್ 2024

ಸಾಧನಾ,

ದತ್ತ ಎಡಚ. ಇದರಲ್ಲಿ ನನಗೆ ಅನುಮಾನವೇ ಇಲ್ಲ.

ಎಲ್ಲ ಕೆಲಸ ಎಡಗೈಯಲ್ಲಿ ಮಾಡುವವನು. ಆ ಕೈ ಊರಲು ಅಗಲ ಬೇಕು, ಪಕ್ಕದಲ್ಲಿ ಕಾಫಿ ಲೋಟ ಇಡಲು ಜಾಗ ಬೇಕು. ಎತ್ತರ ಏಕೆಂದರೆ ಪೇಪರು ಹಿಡಿದರೆ ಕಣ್ಣಿಗೆ ಸಮ ಬರುತ್ತದೆ. ಕೂತಲ್ಲಿಂದ ಏಳದೆ ಆಳುಗಳಿಗೆ ಎಡಗೈ ಎತ್ತಿ ಎತ್ತಿ ಹುಕುಂ ಮಾಡುತ್ತಿದ್ದಿರಬೇಕು. ಹೇರ್‌ಪಿನ್ನು ಅವನ ಹೆಂಡತಿಯದ್ದು, ಅವನಿಲ್ಲದಾಗ ಅವಳು ಕೂತು ನೋಡಿದ್ದಾಳೆ. ನನ್ನ ಎಡಗೈ ರಾಜೀನಾಮೆ ಕೊಟ್ಟು ಮಲಗಿದೆ, ಅವನದ್ದು ಒಂದು ಮನೆ ಆಳುತ್ತಿತ್ತು. ಸತ್ಯ ಹೇಳಬೇಕೆಂದರೆ ನನಗೆ ಅವನ ಮೇಲೆ ಹೊಟ್ಟೆಕಿಚ್ಚು.

ಬಂಟ್ವಾಳ ಲೈನಿನ ಕಂಡಕ್ಟರುಗಳಿಗೆಲ್ಲ ಚೀಟಿ ಬರೆದು ನಿನ್ನ ಅತ್ತೆಯ ಕೈಯಲ್ಲಿ ಗೇಟಿಗೆ ಕಳಿಸಿದ್ದೇನೆ. ಎಡಚ, ದತ್ತ ಎಂಬ ಹೆಸರು, ಮನೆಯಲ್ಲಿ ದೊಡ್ಡ ಕುರ್ಚಿ ಇದ್ದವನು. ಕಂಡಕ್ಟರುಗಳಿಗೆ ಗೊತ್ತಿಲ್ಲದ ಮನೆ ಯಾವುದುಂಟು? ಸಿಕ್ಕವರ ಹೆಸರನ್ನು ಉಜ್ವಲ ನಿನಗೆ ತಲುಪಿಸುತ್ತಾನೆ. ನೀನು ಹೋಗಿ ಮಾತಾಡಿಸು. ನಾನು ಹೋಗುವ ಹಾಗಿಲ್ಲವಲ್ಲ.

ತನಿಖಾಧಿಕಾರಿ,
ವೀರರಾಜ ಮಾವ


ಲಾಯಿಲ
30 ಡಿಸೆಂಬರ್ 2024

ಪ್ರೀತಿಯ ಸಾಧನಾ,

ಇದನ್ನು ನಿನ್ನ ಮಾವನಿಗೆ ಗೊತ್ತಾಗದ ಹಾಗೆ ಬರೆಯುತ್ತಿದ್ದೇನೆ. ಮನೆಯೊಳಗಿಂದ ಫೋನು ಮಾಡಿದರೆ ಅವರಿಗೆ ಎಲ್ಲ ಕೇಳಿಸುತ್ತದೆ, ಕಿವಿಗೆ ಏನೂ ಆಗಿಲ್ಲ ನೋಡು.

ಉಜಿರೆಯಿಂದ ಫಿಸಿಯೋಥೆರಪಿಗೆ ನೌಫಲ್ ಎಂಬ ಹುಡುಗ ದಿನವೂ ಬರುತ್ತಾನೆ, ಒಳ್ಳೆಯವನು. ನಿನ್ನೆ ನನ್ನನ್ನು ಅಂಗಳಕ್ಕೆ ಕರೆದು ಹೇಳಿದ: "ಅಕ್ಕಾ, ಇವರು ದಿನಾ ಸ್ವಲ್ಪ ಹೊತ್ತು ಕೂರ್ಲೇಬೇಕು. ಹೀಗೇ ಮಲಗಿದ್ರೆ ಎದೆಯಲ್ಲಿ ಕಫ ಕಟ್ತದೆ, ಆಮೇಲೆ ಕೂರ್ಸುವ ಅಂದ್ರೂ ಬೆನ್ನು ಕೇಳುದಿಲ್ಲ." ದಿಂಬು ಇಟ್ಟರೆ ದಿಂಬಿನ ಮೇಲೆಯೇ ವಾಲುತ್ತಾರೆ. ವಾಲಿದ ಕೂಡಲೇ ಬಿದ್ದ ದಿನ ನೆನಪಾಗುತ್ತದೆ, "ಮಲಗಿಸು" ಎಂದು ಕಣ್ಣು ಮುಚ್ಚುತ್ತಾರೆ. ನನಗೆ ಹೆದರಿಕೆ ಆಗುತ್ತದೆ ಮಗಾ.

ನಿನ್ನ ಕಾಗದ ಬಂದ ದಿನ ಮಾತ್ರ ಗೋಡೆಗೆ ಒರಗಿ ಕೂರುತ್ತಾರೆ. ಓದಿ ಮುಗಿದರೆ ಮತ್ತೆ ಮಲಗುವುದೇ. ಸ್ವಲ್ಪ ಉದ್ದ ಬರಿ.

ನಿನ್ನ ಅತ್ತೆ,
ವಸಂತಿ


ಮೂಡುಬಿದಿರೆ
13 ಜನವರಿ 2025

ಪ್ರೀತಿಯ ಮಾವ,

ಈ ಸಲ ಉದ್ದ ಕಾಗದ. ಕೂತುಕೊಂಡೇ ಓದಬೇಕು, ಮಧ್ಯದಲ್ಲಿ ಮಲಗಬಾರದು.

ನಿಮ್ಮ ಕಂಡಕ್ಟರುಗಳ ಪಡೆ ನನಗೆ ಮೂರು ದತ್ತರನ್ನು ಹಿಡಿದು ಕೊಟ್ಟಿದೆ. ಮೊದಲನೆಯವರು ಬಂಟ್ವಾಳ ಪೇಟೆಯ ದತ್ತಾತ್ರೇಯ. ಫೋಟೋ ಸ್ಟುಡಿಯೋ ಇತ್ತಂತೆ, ಈಗ ಮೊಬೈಲಿಗೆ ಗ್ಲಾಸು ಹಾಕುತ್ತಾರೆ. ಕುರ್ಚಿಯ ಫೋಟೋ ತೋರಿಸಿದರೆ ಅದನ್ನು ದೂರ ಹಿಡಿದು ಹತ್ತಿರ ಹಿಡಿದು ನೋಡಿ, "ಲೈಟಿಂಗ್ ಸರಿ ಇಲ್ಲ" ಎಂದರು. ಎಡಚರೂ ಅಲ್ಲ. ಎರಡನೆಯವನು ಪಾಣೆಮಂಗಳೂರಿನವನು, ಇನ್ನೂ ಅಂಗನವಾಡಿಗೆ ಹೋಗುತ್ತಾನೆ. ಎಡಚ ಹೌದು, ಬಿಸ್ಕತ್ತನ್ನು ಎಡಗೈಯಲ್ಲೇ ಕಸಿದುಕೊಂಡ. ಮೂರನೆಯವರು ಒಂದು ಹೋಟೆಲಿನ ಅಡುಗೆಯವರು, ದತ್ತಣ್ಣ. ತಾಳ್ಮೆಯಿಂದ ಎಲ್ಲ ಕೇಳಿಸಿಕೊಂಡು, "ಜನ್ಮದಲ್ಲಿ ನಾನು ಕೂತು ತಿಂದವನಲ್ಲ ತಂಗೀ, ನನಗೆ ಕುರ್ಚಿ ಎಲ್ಲಿಂದ?" ಎಂದು ನೀರುದೋಸೆ ತಿನ್ನಿಸಿ ಕಳಿಸಿದರು.

ಬಾವಾರನ್ನು ಮತ್ತೆ ಕೇಳಿದೆ. ನೇತ್ರಾವತಿ ಕಡೆಯ ಯಾವುದೋ ಮನೆ ಕೆಡವುವಾಗ ಲೋಡಿನಲ್ಲಿ ಬಂದದ್ದು, ಯಾರ ಮನೆ ಎಂದು ಅವರಿಗೂ ಗೊತ್ತಿಲ್ಲ. ನಮ್ಮ ದತ್ತ ಇನ್ನೂ ತಲೆತಪ್ಪಿಸಿಕೊಂಡಿದ್ದಾನೆ.

ಕೆಲಸದ ಕಡೆ ಬರುವ. ಮರವನ್ನು ಸ್ಯಾಂಡ್‌ಪೇಪರಿನಿಂದ ಉಜ್ಜಿ ಉಜ್ಜಿ ಒಳಗಿನ ಹಳದಿ ಹೊರಗೆ ತಂದಿದ್ದೇನೆ. ಅಡಿಯ ನವಾರಿನ ಪಟ್ಟಿಗಳನ್ನು ಹೊಸದು ಹಾಕಿ ಬಿಗಿದೆ. ನಾರಿನ ಮೇಲೆ ಇನ್ನೂ ಕೈ ಇಟ್ಟಿಲ್ಲ, ಅದನ್ನು ಎರಡು ಬದಿ ಸಮ ಮಾಡಬೇಕು. ಬರುವ ಭಾನುವಾರ ಬೆಳಿಗ್ಗೆ ದಯಾನಂದ ಆಚಾರಿ ಬರುತ್ತಾರೆ, ಎಡಬದಿಯ ಕೈಯನ್ನು ಬಲದ ಸಮಕ್ಕೆ ಇಳಿಸಿ ಅಗಲವನ್ನೂ ಕೊಯ್ದು ಕೊಡುತ್ತಾರಂತೆ. ಅಲ್ಲಿಗೆ ಬಾವಾ ಹೇಳಿದ ತಲೆಬಿಸಿ ಮುಗಿಯಿತು. ಬಟ್ಟೆಗೆ ಮೂರು ತುಂಡು ಕಳಿಸಿದ್ದೇನೆ, ನೀಲಿ, ಕಂದು, ಮತ್ತು ಹಳೆಯದನ್ನೇ ಹೋಲುವ ಹಸಿರು ಹೂವಿನದ್ದು. ಆರಿಸುವುದು ನೀವು.

ಮೂರು ದತ್ತರಿಂದ ಸೋತವಳು,
ಸಾಧನಾ


ಮೂಡುಬಿದಿರೆ
20 ಜನವರಿ 2025

ಪ್ರೀತಿಯ ಮಾವ,

ನಿನ್ನೆ ಫೋನಿನ ಆ ಕಡೆ ನೀವಿದ್ದಿರಿ. ಈ ಕಡೆ ಏನಾಯಿತೆಂದು ನಿಮಗೆ ಗೊತ್ತಿಲ್ಲವಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ದಯಾನಂದಣ್ಣ ಕುರ್ಚಿಯನ್ನು ಜಗಲಿಯಲ್ಲಿಟ್ಟು, ಎಡಬದಿಯ ಕೈಗೆ ಗೆರೆ ಎಳೆದು, ಗರಗಸ ಇಟ್ಟಿದ್ದರು. ಆಗ ಅತ್ತೆಯ ನಂಬರಿನಿಂದ ಫೋನು. ಎತ್ತಿದರೆ ಅತ್ತೆಯಲ್ಲ. ಯಾರೋ ಉಸಿರು ಕಟ್ಟಿದವರ ಹಾಗೆ "ದತ್ತ! ದತ್ತ!" ಎಂದು ಕೂಗುತ್ತಿದ್ದಾರೆ. ಅದು ನೀವೆಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ನಿಮ್ಮ ದನಿ ಕೇಳಿ ಎಷ್ಟು ತಿಂಗಳಾಗಿತ್ತು! "ದತ್ತ ಸಿಕ್ಕಿದನಾ ಮಾವಾ? ಎಲ್ಲಿ?" ಎಂದೆ. ನೀವು ಬೈದಿರಿ, ಬೈದದ್ದು ಮಾತ್ರ ಸ್ಪಷ್ಟವಾಗಿತ್ತು. ಆಮೇಲೆ ಹೇಳಿದ್ದು ತಿಳಿಯಲಿಲ್ಲ. "ಹಾಂ?" ಎಂದೆ. ಮತ್ತೆ ಹೇಳಿದಿರಿ. ಮತ್ತೆ "ಹಾಂ?" ಎಂದುಬಿಟ್ಟು ನಾಲಗೆ ಕಚ್ಚಿಕೊಂಡೆ, ಇನ್ನು ಇಟ್ಟುಬಿಡುತ್ತೀರಿ ಎಂದು. ನೀವು ಇಡಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಊರಿನ ಹೆಸರು ಕೂಗುವ ಹಾಗೆ ಒಂದೊಂದೇ ಮಾತು ಬಿಡಿಸಿ ಕೂಗಿದಿರಿ: "ದತ್ತ. ಕೈ. ಕಡ್ಪಡ."

ಎಡಗೈ ಕಡಿಯಬೇಡ!

ಕಿವಿಗೆ ಬಿದ್ದ ಕ್ಷಣ ತಿಳಿಯಿತು. ನಾಲಗೆ ತಿರುಗಿದಾಗಿನಿಂದ ಆಡಿದ ತುಳು, ದತ್ತ ಎಂದರೆ ಎಡ. ಇಷ್ಟು ದಿನ ಏಕೆ ಹೊಳೆಯಲಿಲ್ಲ? ನಾವು ಮಾತಾಡುವುದು ತುಳು, ಬರೆಯುವುದು ಓದುವುದೆಲ್ಲ ಕನ್ನಡ. ಅಕ್ಷರದಲ್ಲಿ ಕಂಡದ್ದೆಲ್ಲ ಕನ್ನಡವೇ ಎಂದು ಕಣ್ಣಿಗೆ ರೂಢಿಯಾಗಿದೆ. ಆ ಆಚಾರಿ ಪಾಪ, ಜೋಡಿಸುವಾಗ ಅದಲು ಬದಲಾಗದಿರಲಿ ಎಂದು ಬಾಯಿಗೆ ಬಂದ ಮಾತನ್ನೇ ಬರೆದುಕೊಂಡಿದ್ದಾನೆ. ನಾವು ಅವನ "ಎಡ"ಕ್ಕೆ ಹೆಂಡತಿಯನ್ನು ಕೊಟ್ಟು, ಆಳುಗಳನ್ನು ಕೊಟ್ಟು, ಕಾಫಿಯನ್ನೂ ಕುಡಿಸಿದೆವು.

"ನಿಲ್ಲಿ ನಿಲ್ಲಿ" ಎಂದು ನಾನು ಕಿರುಚಿದ್ದಕ್ಕೆ ದಯಾನಂದಣ್ಣ ಗರಗಸ ಕೈಬಿಟ್ಟರು. ಅಡಿ ತಿರುಗಿಸಿ ತೋರಿಸಿದರೆ, "ನಾವೂ ಹೀಗೇ ಬರೆಯುದು ಅಕ್ಕಾ. ದತ್ತ ಯಜಮಾನ್ರ ಕುರ್ಚಿ ಅಂತ ನೀವೇ ಹೇಳಿದ ಮೇಲೆ ನಾನು ಅಡಿ ಯಾಕೆ ನೋಡ್ಲಿ?" ಎಂದರು. ಬಲದ ಕೈಯ ಕಪ್ಪನ್ನು ಕೆರೆದೆವು. ಅರ್ಧ ಅಳಿಸಿದೆ, ಆದರೂ "ಬಲ" ಎಂದು ಓದಬಹುದು. ಎಡಗೈಯ ಅಂಚಿನಲ್ಲಿ ಗರಗಸದ ಒಂದು ಸಣ್ಣ ಗಾಯ ಉಳಿದಿದೆ.

ಅವರು ಹೋದ ಮೇಲೆ ನಾನು ಅದರಲ್ಲಿ ಕೂತೆ. ಎಡಬದಿಯನ್ನು ಸಡಿಲ ಬಿಟ್ಟೆ, ನಿಮ್ಮ ಹಾಗೆ. ಗಟ್ಟಿ ನಾರು ಸೊಂಟವನ್ನು ಕೆಳಗೆ ಹೋಗಲು ಬಿಡಲಿಲ್ಲ, ಆ ಎತ್ತರದ ಕೈ ಕಂಕುಳ ಕೆಳಗೆ ತಡೆಯಿತು. ಎಷ್ಟು ವಾಲಿದರೂ ಬೀಳಲಿಲ್ಲ ಮಾವಾ. ಕೂತಲ್ಲೇ ಅತ್ತುಬಿಟ್ಟೆ.

ಈ ಕುರ್ಚಿ ಅಂಗಡಿಗಲ್ಲ. ರವಿಕೆಯವರು ನಿಂತೇ ಇರಲಿ.

ನಿಮ್ಮ
ಸಾಧನಾ


ಲಾಯಿಲ
26 ಜನವರಿ 2025

ಸಾಧನಾ,

ಕುರ್ಚಿ ಉಳಿಸು ಎಂದೆ. ನನಗೆ ಕೊಡು ಎಂದೆನಾ?

ಹೇಗೆ ಗೊತ್ತಾಯಿತೆಂದು ಬರೆಯುತ್ತೇನೆ. ನೌಫಲ್ ದಿನವೂ ಬಂದು ಹೇಳುವುದು ಒಂದೇ ಮಾತು, "ಏಜೆಂಟ್ರೇ, ದತ್ತ ಕೈ ದೆರ್ಪುಲೆ." ಎಡಗೈ ಎತ್ತಿ ಎಂದು. ಅದು ಏಳುವುದಿಲ್ಲ, ಆದ್ದರಿಂದ ಆ ಮಾತು ಬಂದಾಗ ನಾನು ರಸ್ತೆಯ ಹಾರನ್ನಿಗೆ ಕಿವಿ ಕೊಡುತ್ತೇನೆ. ಆ ಭಾನುವಾರ ನಿನ್ನ ಕಾಗದ ತೊಡೆಯ ಮೇಲಿತ್ತು, ಬಟ್ಟೆಯ ತುಂಡು ನೋಡುತ್ತಿದ್ದೆ. ಅವನು "ದತ್ತ ಕೈ" ಎಂದ. ನಾನು ಕಾಗದ ನೋಡಿದೆ. ಇನ್ನೊಮ್ಮೆ ಹೇಳು ಎಂದೆ. ಅವನು ಇನ್ನೊಮ್ಮೆ ಹೇಳಿದ. ಗಟ್ಟಿ ನಾರು, ಎತ್ತರದ ಕೈ, ಎಲ್ಲ ಒಮ್ಮೆಗೇ ಹೊಳೆಯಿತು. ಇಷ್ಟು ದಿನ ನಾನು ಹೊಟ್ಟೆಕಿಚ್ಚು ಪಟ್ಟದ್ದು ನನ್ನ ಹಾಗೆ ವಾಲುವವನ ಮೇಲೆಯೇ!

ಕಾಗದ ಬರೆದರೆ ನಾಳೆಯ ಬಸ್ಸು. ಆಚಾರಿ ಇವತ್ತಿನವನು. ನಿನ್ನ ಅತ್ತೆ ದನದ ಹಟ್ಟಿಯಲ್ಲಿದ್ದಳು, ನೌಫಲನಿಗೆ ನಿನ್ನ ಕುರ್ಚಿಯ ಕಥೆ ಹೇಳಿ ಮುಗಿಸುವಷ್ಟರಲ್ಲಿ ಕೈ ಹೋಗಿರುತ್ತಿತ್ತು. ಅದಕ್ಕೆ ನಾನೇ ಫೋನು ಮಾಡಿದೆ.

ಆದರೂ ಕುರ್ಚಿ ಬೇಡ ಮಗಾ. ಇನ್ನೊಮ್ಮೆ ಬಿದ್ದರೆ ತಡೆಯುವ ಶಕ್ತಿ ನನಗಿಲ್ಲ.

ಬಟ್ಟೆ ಆರಿಸಲು ಹೇಳಿದ್ದೆಯಲ್ಲ. ಹಸಿರು ಹೂವಿನದ್ದು. ಜೊತೆಗೆ ಒಂದು ದಾರ ಇಟ್ಟಿದ್ದೇನೆ, ಮೊದಲ ಗಂಟಿನಿಂದ ಎರಡನೆಯದಕ್ಕೆ ನನ್ನ ಕಂಕುಳಿನಿಂದ ಸೀಟಿನವರೆಗಿನ ಅಳತೆ. ನೌಫಲ್ ಸುಮ್ಮನೆ ತೆಗೆದದ್ದು, ನಾನು ಹೇಳಿಲ್ಲ.

ಮಾವ


ಮೂಡುಬಿದಿರೆ
23 ಫೆಬ್ರವರಿ 2025

ಪ್ರೀತಿಯ ಮಾವ,

ಈ ಕಾಗದ ಕುರ್ಚಿಯ ಜೊತೆಗೇ ಬರುತ್ತಿದೆ. ಉಜ್ವಲ ಬಸ್ಸಿನ ಹಿಂದಿನ ಸೀಟು ಕೊಟ್ಟಿದ್ದಾನೆ, ಮೇಲೆ ಹಾಕಿದರೆ ಪಾಲಿಶ್ ಹೋಗುತ್ತದೆಂದು.

ನಿಮ್ಮ ದಾರಕ್ಕೂ ಕುರ್ಚಿಯ ಎಡಗೈಗೂ ಸ್ವಲ್ಪವೇ ವ್ಯತ್ಯಾಸ ಇತ್ತು. ನಾರು ತುಂಬಿಸಿ ಸರಿ ಮಾಡಿದೆ, ಮರ ಮುಟ್ಟಲಿಲ್ಲ. ಎಡಭಾಗದ ಹಳೆ ನಾರನ್ನು ಬಿಸಿಲಿಗೆ ಹಾಕಿ, ಕೊಡವಿ, ಅದನ್ನೇ ಮತ್ತೆ ಒತ್ತಿ ದಬ್ಬಣದಿಂದ ಗೋಣಿಗೆ ಹೊಲಿದಿದ್ದೇನೆ. ನನ್ನ ಮಿಶನಿನ ಸೂಜಿಗಳು ಮುರಿದವು, ಕೊನೆಗೆ ಎಲ್ಲ ಕೈಹೊಲಿಗೆ. ಮುಂದಿನ ಅಂಚಿನಲ್ಲಿ ಒಂದು ಹೂವಿನ ತಲೆ ಹಾರಿಹೋಗಿದೆ, ಅದನ್ನು ಹುಡುಕಿ ಗೇಲಿ ಮಾಡಬೇಡಿ. ಗೋಲಿಯನ್ನು ಸಿಕ್ಕಿದಲ್ಲೇ ನಾರಿನೊಳಗೆ ಇಟ್ಟಿದ್ದೇನೆ. ಅದು ಕುರ್ಚಿಯದ್ದು.

"ದತ್ತ" ಎಂಬಲ್ಲಿಗೆ ಪಾಲಿಶ್ ಹಚ್ಚಿಲ್ಲ.

ಬೇಡವೆಂದು ವಾಪಸ್ ಕಳಿಸಬೇಡಿ. ಒಮ್ಮೆ ಕೂತು ನೋಡಿ, ಅಷ್ಟೇ ಕೇಳುವುದು.

ಸಾಧನಾ


ಲಾಯಿಲ
9 ಮಾರ್ಚ್ 2025

ಮಗಾ ಸಾಧನಾ,

ಮೊದಲು ಒಳಗಿನ ಕೋಣೆಯಲ್ಲಿ ಹಾಕಿಸಿ, ಬಾಗಿಲು ಹಾಕಿಸಿ ಕೂತೆ. ನಿನ್ನ ಅತ್ತೆ, ನೌಫಲ್ ಇಬ್ಬರೂ ಎರಡು ಬದಿ ಕೈ ಚಾಚಿ ನಿಂತಿದ್ದರು. ನಾನು ವಾಲಿದೆ. ಕುರ್ಚಿ ಹಿಡಿದುಕೊಂಡಿತು. ಇಬ್ಬರನ್ನೂ ಹೊರಗೆ ಹೋಗಿ ಎಂದೆ, ನನಗೆ ಸ್ವಲ್ಪ ಹೊತ್ತು ಒಬ್ಬನೇ ಕೂರಬೇಕಿತ್ತು.

ಕೂತು ಯೋಚಿಸಿದ್ದು ಹೇಳುತ್ತೇನೆ. ಹೇರ್‌ಪಿನ್ನು ಸಿಕ್ಕಿತ್ತಲ್ಲ? ಅದನ್ನು ದತ್ತನ ಹೆಂಡತಿಗೆ ಕೊಟ್ಟು ಸುಮ್ಮನಾದೆವು. ವಾಲುತ್ತಿದ್ದದ್ದು ಹೆಂಗಸೇ ಇರಬಹುದೆಂದು ನಮ್ಮಿಬ್ಬರಿಗೂ ಒಮ್ಮೆಯೂ ಹೊಳೆಯಲಿಲ್ಲ. ಅಡಿಕೆ ಅವಳು ಜಗಿದದ್ದು, ಗೋಲಿ ಮೊಮ್ಮಗನದ್ದು. ಇದೂ ತಪ್ಪಿರಬಹುದು, ಹಿಂದಿನದ್ದರ ಹಾಗೆ. ಆದರೆ ಅವರು ಯಾರೇ ಇರಲಿ, ಬಟ್ಟೆ ಹರಿಯುವಷ್ಟು ಕೂತಿದ್ದಾರೆ, ಮತ್ತೆ ಬಟ್ಟೆ ಹಾಕಿಸಿ ಕೂತಿದ್ದಾರೆ. ನನಗೆ ಧೈರ್ಯ ಬಂದದ್ದು ಅದರಿಂದ.

ಮೊನ್ನೆ ಸಿಟೌಟಿಗೆ ತರಿಸಿದೆ. ಮೂಡುಬಿದಿರೆ ಬಸ್ಸು ಬಂತು, ನಿಧಾನಿಸಿತು. ಡ್ರೈವರಿಗೆ ಕರೆಯಲು ಹೆದರಿಕೆ, ಹೋದ ಸಲದ್ದು ಅವನಿಗೂ ನೆನಪುಂಟು. ಬಾಗಿಲಲ್ಲಿ ಉಜ್ವಲ ನೇತಾಡುತ್ತಿದ್ದ. ನಾನೇ ಬಲಗೈ ಎತ್ತಿ "ರೈಟ್ ಪೋಯಿ!" ಎಂದು ಬಸ್ಸು ಹೊರಡಿಸುವ ಕೂಗು ಹಾಕಿದೆ. ನನ್ನ ಬಾಯಿಯಲ್ಲಿ ಅದು ಏನಾಗಿ ಹೊರಬಂತೋ, ಕಿಟಕಿಯ ಜನ ಪರಸ್ಪರ ಮುಖ ನೋಡಿಕೊಂಡರು. ಉಜ್ವಲನಿಗೆ ತಿಳಿಯಿತು. ಸೀಟಿ ಊದಿದ, ಬಸ್ಸು ಹೊರಟಿತು. ದತ್ತ ಕೈ ಅದರ ಜಾಗದಲ್ಲಿ ಹಾಯಾಗಿ ಮಲಗಿತ್ತು.

ತಲೆ ಹಾರಿದ ಹೂವನ್ನು ಮೊದಲ ದಿನವೇ ಕಂಡುಹಿಡಿದಿದ್ದೇನೆ.

ಇದಕ್ಕೆ ಉತ್ತರ ಬರೆಯಬೇಡ. ಸಂಜೆ ಕೊನೆಯ ಬಸ್ಸು ಹೋದ ಮೇಲೆ ಫೋನು ಮಾಡು, ನಾನೇ ಎತ್ತುತ್ತೇನೆ. ನೀನು "ಹಾಂ?" ಎಂದರೆ ಇನ್ನೊಮ್ಮೆ ಹೇಳುತ್ತೇನೆ.

ಕುರ್ಚಿಯಲ್ಲಿ ಕೂತು,
ವೀರರಾಜ ಮಾವ